ಹಂದಿ ಮಾರಿದ ಕಥೆ

ನೆಗಡಿ ಹೇಳಿ ಬರುತ್ತದೆ.
ಮೊದಲು ಮೂಗು, ಆಮೇಲೆ ಗಂಟಲು,
ಸಾಲ ಕೇಳಲು ಬಂದ ನೆಂಟನ ಹಾಗೆ
ಹೊಸ್ತಿಲಲ್ಲೇ ಒಂದಿಷ್ಟು ಹೊತ್ತು ನಿಂತು.
ಇದು ಹಾಗೆ ಬರಲಿಲ್ಲ.

ಮಂಗಳವಾರ ಮಧ್ಯಾಹ್ನ ರೊಸಮೆಲ್
ಸೌದೆ ಸೀಳುತ್ತಿದ್ದ.
ಎತ್ತಿದ ಕೊಡಲಿಯನ್ನು ಸುಮ್ಮನೆ ಇಳಿಸಿ
ದಿಮ್ಮಿಯ ಮೇಲೆ ಕೂತ.
'ಮೂಳೆಯೊಳಗೆ ಯಾರೋ ಓಡಾಡುತ್ತಿದ್ದಾರೆ' ಅಂದ.
ಸಂಜೆಗೆ ಜ್ವರ ಮೂವತ್ತೊಂಬತ್ತೂವರೆ.
ಹಲ್ಲು ಕಟಕಟ. ಮೂರು ಕಂಬಳಿ ಸಾಲದೆ
ನಾಯಿಯನ್ನೂ ಹಾಸಿಗೆಗೆ ಕರೆದ.

ಜುಲೈ ಬಂತೆಂದರೆ ಚಿಲೋಯೆಯ ದ್ವೀಪಗಳಲ್ಲಿ
ಮನೆಗೊಬ್ಬರು ಮಲಗುವುದು ಹೊಸತಲ್ಲ.
ಪಕ್ಕದ ಕ್ಲೊರಿಂದಾ
ಬೆಳ್ಳುಳ್ಳಿ ಕುದಿಸಿದ ಹಾಲು ತಂದಳು.
'ಗಂಡಸರ ಜ್ವರ, ಗದ್ದಲ ಜಾಸ್ತಿ' ಎಂದು ನಕ್ಕಳು.
ನಾನೂ ನಕ್ಕೆ.
ಎಂಟು ವರ್ಷದಿಂದ ಇವನಿಗೆ ಸಕ್ಕರೆ ಕಾಯಿಲೆ.
ಮೇ ತಿಂಗಳಲ್ಲಿ ಲಸಿಕೆಯ ಲಾಂಚು ಬಂದಾಗ
ಇವನು ಬಲೆಯ ತೂತು ಹೊಲಿಯುತ್ತಿದ್ದ.
ಎರಡೂ ಗೊತ್ತಿದ್ದೂ
ನಕ್ಕೆ.

ಶುಕ್ರವಾರ ಜ್ವರ ಬಿಟ್ಟಿತು.
ಎದ್ದು ಕೂತು, ಆಲೂಗಡ್ಡೆಯ ರೊಟ್ಟಿ ಎರಡು ತಿಂದು,
ಅಚಾವೊ ಪೇಟೆಯಲ್ಲಿ ಹಂದಿ ಮಾರಿದ ಕಥೆ ಶುರು ಮಾಡಿದ.
ಸಾವಿರ ಸಲ ಕೇಳಿದ ಕಥೆ:
ಕೊಳ್ಳಲು ಬಂದವನ ಟೋಪಿಗೇ ಕಾಲು ಗಂಟೆ,
ಹಂದಿಯ ಕಿವಿಗೆ ಇನ್ನೂ ಕಾಲು ಗಂಟೆ.
ಗೆದ್ದೆವು ಅಂದುಕೊಂಡು
ನಾನು ಕಂಬಳಿಗಳನ್ನು ಬಿಸಿಲಿಗೆ ಹಾಕಿದೆ.

ಭಾನುವಾರ ಅದು ಮತ್ತೆ ಬಂತು.
ಮರೆತು ಹೋದ ವಸ್ತು ಒಯ್ಯಲು ಬಂದವರ ಹಾಗೆ ನೇರ ಒಳಗೆ.
ಈ ಸಲ ಮೂಳೆಗಲ್ಲ, ಎದೆಗೆ.
ಕೆಮ್ಮಿದರೆ ತುಕ್ಕಿನ ಬಣ್ಣದ ಕಫ.
ಬೆಳಗಿನಿಂದ ಮೂತ್ರಕ್ಕೆ ಎದ್ದಿಲ್ಲ.
ನನ್ನನ್ನು 'ಉಬಾಲ್ದಿನಾ' ಎಂದು ಕರೆದ.
ಉಬಾಲ್ದಿನಾ ಅವನ ಅಕ್ಕ.
ಅವಳನ್ನು ಮಣ್ಣು ಮಾಡಿ ಹನ್ನೆರಡು ವರ್ಷ.

ಗಡಿಯಾರ ಎದುರಿಗಿಟ್ಟುಕೊಂಡು ಕೂತೆ.
ಕೈಯಲ್ಲಿ ಅರ್ಧ ಹೆಣೆದ ಕಾಲುಚೀಲ.
ಅವನ ಎದೆ ಒಮ್ಮೆ ಏರಿದರೆ ಒಂದು ಕುಣಿಕೆ.
ಒಂದು ನಿಮಿಷಕ್ಕೆ ಮೂವತ್ತನಾಲ್ಕು.
ನನ್ನದೂ ಎಣಿಸಿದೆ, ಹೆದರಿದ್ದರೂ
ಹತ್ತೊಂಬತ್ತು.
ದೀಪ ಹತ್ತಿರ ತಂದೆ. ತುಟಿಗೆ
ಚಿಪ್ಪುಮೀನಿನ ಒಳಮೈಯ ಬಣ್ಣ.

ಹೊರಗೆ ಉತ್ತರದ ಗಾಳಿ.
ಸಣ್ಣ ದೋಣಿಗಳಿಗೆ ಬಂದರು ಮುಚ್ಚಿತ್ತು.
ಬೆಳಗಾಗಲಿ ಅಂದಳು ಕ್ಲೊರಿಂದಾ.
ಬೆಳಗಾಗುವುದಕ್ಕೆ ಎಷ್ಟು ಕುಣಿಕೆ?
ಲೆಕ್ಕ ಹಾಕಲು ಧೈರ್ಯ ಸಾಲದೆ
ರೇಡಿಯೊ ಕೈಗೆತ್ತಿಕೊಂಡೆ.

ಆ ಕಡೆಯ ನರ್ಸು ಜ್ವರ ಎಷ್ಟೆಂದು ಕೇಳಲಿಲ್ಲ.
'ಒಂದು ಮಾತು ಪೂರ್ತಿ ಆಡಬಲ್ಲನೇ?'
ಅವನ ಬಾಯಿಗೆ ಹಿಡಿದೆ. ಹೇಳು, ಹಂದಿಯ ಕಥೆ ಹೇಳು.
'ಆ ಹಂದಿ...
ನಾನು...
ಟೋಪಿ...'
'ಸಾಕು' ಅಂದಳು. 'ಗಸ್ತಿನ ದೋಣಿ ಬರುತ್ತದೆ.
ಒರಗಿಸಿ ಕೂರಿಸಿ. ಮಲಗಿಸಬೇಡಿ.'

ಕಾಸ್ಟ್ರೋದ ಆಸ್ಪತ್ರೆಯಲ್ಲಿ, ನನ್ನ ಮಗಳ ವಯಸ್ಸಿನ ಡಾಕ್ಟರು
'ಶುರುವಾದದ್ದು ಯಾವತ್ತು?' ಎಂದಳು.
ಮಂಗಳವಾರ.
ಬೆರಳು ಮಡಚಿದಳು, ಬಯ್ಯಲಿಲ್ಲ.
'ಸಕ್ಕರೆ ಇರುವವರು ಉಸಿರಿಗೆ ಕಷ್ಟವಾಗುವ ತನಕ ಕಾಯಬಾರದು.
ಬುಧವಾರವೇ ಕರೆತಂದಿದ್ದರೆ
ಮಾತ್ರೆಗೇ ಬಗ್ಗುತ್ತಿತ್ತೋ ಏನೋ.'

ಬುಧವಾರ.
ಬುಧವಾರ ಸಮುದ್ರ ತಟ್ಟೆಯಲ್ಲಿಟ್ಟ ಹಾಲಿನ ಹಾಗಿತ್ತು.
ಎರಡು ಲಾಂಚು ಹೋಗಿ ಬಂದವು.
ನಾನು ಅಂಗಳದಿಂದ ನೋಡಿದ್ದೆ.

ಆ ಮೂವತ್ತನಾಲ್ಕು ಕುಣಿಕೆ ಇನ್ನೂ ಕಡ್ಡಿಯಲ್ಲೇ ಇವೆ.
ಮುಂದೆ ಹೆಣೆಯಲಾರೆ, ಬಿಚ್ಚಲಾರೆ.
ಈಗ ಯಾರಾದರೂ ಜ್ವರವೆಂದು ಬಾಗಿಲು ತಟ್ಟಿದರೆ
ಕಷಾಯ ಆಮೇಲೆ.
ಮೊದಲು ಮಾತಾಡಿಸುತ್ತೇನೆ.

ಹನ್ನೊಂದನೆಯ ದಿನ, ಮೂಗಿಗೆ ಕೊಳವೆ ಇದ್ದ ಹಾಗೆಯೇ,
ಒಂದೇ ಉಸಿರಿನಲ್ಲಿ ಅವನು ಪಕ್ಕದ ಮಂಚದವನಿಗೆ ಹೇಳಿದ:
'ಎಂಬತ್ತು ಸಾವಿರ ಪೆಸೊಗೆ ಒಂದು ಕಾಸೂ ಇಳಿಯದೆ
ಆ ಟೋಪಿಯವನಿಗೇ ಹಂದಿ ಮಾರಿದೆ ಕಣಯ್ಯ.'

ಮಾರಿದ್ದು ಅರವತ್ತಕ್ಕೆ.
ನಾನು ತಿದ್ದಲಿಲ್ಲ.